ನೀಟ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂತಾ? ಮೊದಲ ಒಂದು ತಿಂಗಳು ಹಿಂಗೆ ಮಾಡಿ

ಹೋದ ವರ್ಷ ನೀಟ್ ರಿಸಲ್ಟ್ ಬಂದ ದಿನ ನಾನು ಹಾಸನ ಜಿಲ್ಲೆ ಆಲೂರು ಹತ್ರ ನಮ್ಮ ಚಿಕ್ಕಪ್ಪನ ಮನೇಲಿದ್ದೆ. ಬೆಳಿಗ್ಗೆಯಿಂದ ಮಳೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಸಿಗೋದು ಕೊಟ್ಟಿಗೆ ಪಕ್ಕದ ಕಲ್ಲಿನ ಮೇಲೆ ನಿಂತ್ರೆ ಮಾತ್ರ, ನಮ್ಮ ಹುಡುಗ, ಅಂದ್ರೆ ಚಿಕ್ಕಪ್ಪನ ಮಗ, ಅಲ್ಲೇ ಛತ್ರಿ ಹಿಡ್ಕೊಂಡು ಅರ್ಧ ಗಂಟೆ ನಿಂತಿದ್ದ. ಒಳಗೆ ಬಂದೋನು ಏನೂ ಮಾತಾಡ್ಲಿಲ್ಲ, ಫೋನ್ ನನ್ನ ಕೈಗೆ ಕೊಟ್ಟು "ಅಕ್ಕ, ಅಪ್ಪಂಗೆ ನೀನೇ ಹೇಳು" ಅಂದ. 720ಕ್ಕೆ 312.

ನಾನೂ 2018ರಲ್ಲಿ ನೀಟ್ ಬರ್ದು ಇಂಥದೇ ಒಂದು ಸಂಜೆ ಕಳ್ದಿದೀನಿ. ಈಗ ಪಶುವೈದ್ಯೆ. ಆಮೇಲಿಂದ ನೆಂಟರ ಮಕ್ಕಳು, ಅಕ್ಕಪಕ್ಕದ ಮನೆ ಮಕ್ಕಳು ಅಂತ ಏಳೆಂಟು ಜನದ ಜೊತೆ ಕೂತು ಅರ್ಜಿ ತುಂಬ್ಸಿದೀನಿ, ನೋಡಿ ನೋಡಿ ಒಂದು ಮಾತು ಗಟ್ಟಿಯಾಗಿ ಅನ್ಸಿದೆ: ಮಾರ್ಕ್ಸ್ ಕಮ್ಮಿ ಬಂದಿದ್ದಕ್ಕಿಂತ ಜಾಸ್ತಿ ನಷ್ಟ ಆಗೋದು ಆ ವಾರದ ಅಳು, ಸಿಟ್ಟು, ಅವಮಾನದಲ್ಲಿ ಮನೆಯೋರೆಲ್ಲ ಸೇರಿ ತಗೊಳ್ಳೋ ನಿರ್ಧಾರದಿಂದ. ಕೆಲವರು ಕೌನ್ಸೆಲಿಂಗ್‌ಗೆ (ರ್‍ಯಾಂಕ್ ನೋಡಿ ಸೀಟು ಹಂಚೋ ಪ್ರಕ್ರಿಯೆ) ಅರ್ಜಿನೇ ಹಾಕಲ್ಲ, ಕೆಲವರು ಮೂರನೇ ದಿನಕ್ಕೆ ಕೋಚಿಂಗ್‌ಗೆ ಪೂರ್ತಿ ಫೀಸ್ ಕಟ್ಟಿ ಬರ್ತಾರೆ, ಇನ್ಯಾರೋ ಏಜೆಂಟ್ ಮಾತು ನಂಬಿ ಜಮೀನಿನ ಮೇಲೆ ಸಾಲ ಎತ್ತೋಕೆ ಹೊರಡ್ತಾರೆ. ಅದಕ್ಕೇ ಮೊದಲ ಒಂದು ತಿಂಗಳನ್ನ ಯಾವ ಕ್ರಮದಲ್ಲಿ ಕಳೀಬೇಕು ಅಂತ ಬರೀತಿದೀನಿ.

ಮೊದಲ ಮೂರು ದಿನ

ಈ ಮೂರು ದಿನ ಏನನ್ನೂ ತೀರ್ಮಾನ ಮಾಡ್ಬೇಡಿ. ಅಳು ಬಂದ್ರೆ ಅತ್ಬಿಡಿ, ನಿದ್ದೆ ಬಂದ್ರೆ ಮಲ್ಕೊಳ್ಳಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ರೂಮಿನ ಬಾಗಿಲು ಹಾಕ್ಕೊಂಡು ಒಬ್ಬರೇ ಇರೋದು ಮಾತ್ರ ಬೇಡ. ಫ್ರೆಂಡ್ಸ್ ಗ್ರೂಪ್‌ನಲ್ಲಿ ಯಾರಿಗೆಷ್ಟು ಬಂತು ಅನ್ನೋ ಲೆಕ್ಕ ನಡೀತಾನೇ ಇರುತ್ತೆ, ಒಂದು ವಾರ ಮ್ಯೂಟ್ ಮಾಡಿ ಇಡಿ, ಯಾರೂ ಬೇಜಾರು ಮಾಡ್ಕೊಳಲ್ಲ. ನೆಂಟರ ಫೋನ್ ಬಂದ್ರೆ ಮಕ್ಕಳ ಕೈಗೆ ಕೊಡ್ಬೇಡಿ. ನಮ್ಮ ಮನೇಲಿ ಚಿಕ್ಕಮ್ಮನೇ ಎಲ್ಲಾ ಫೋನ್ ತಗೊಂಡು "ಬಂದಿದೆ, ಅಂದ್ಕೊಂಡಷ್ಟು ಬಂದಿಲ್ಲ, ಕೌನ್ಸೆಲಿಂಗ್ ನೋಡ್ತಿದೀವಿ" ಅಂತ ಒಂದೇ ಉತ್ತರ ಕೊಟ್ರು, ಎರಡು ದಿನಕ್ಕೆ ಫೋನ್ ಬರೋದು ನಿಂತೇ ಹೋಯ್ತು.

ಅಪ್ಪ ಅಮ್ಮಂದಿರಿಗೆ ಒಂದು ಮಾತು, ದಯವಿಟ್ಟು ತಪ್ಪು ತಿಳ್ಕೋಬೇಡಿ. "ಅಷ್ಟು ದುಡ್ಡು ಸುರಿದ್ವಿ" ಅನ್ನೋದು ನಿಮ್ಮ ಬಾಯಿಂದ ಒಂದ್ಸಲ ಬಂದ್ರೂ ಅದು ಮಕ್ಕಳ ಮನಸ್ಸಲ್ಲಿ ವರ್ಷಗಟ್ಲೆ ಕೂತಿರುತ್ತೆ, ನನಗೆ ಇವತ್ತಿಗೂ ನೆನಪಿದೆ, ಯಾವ ಜಾಗದಲ್ಲಿ ನಿಂತು ಅಪ್ಪ ಹಂಗೆ ಅಂದ್ರು ಅನ್ನೋದು ಕೂಡ. ಸಿಟ್ಟು ಬಂದ್ರೆ ತೋಟದ ಕಡೆ ಒಂದು ಸುತ್ತು ಹೋಗಿ ಬನ್ನಿ. ನಮ್ಮ ಚಿಕ್ಕಪ್ಪ ಆವತ್ತು ವಿಷ್ಯ ಕೇಳಿ ಐದು ನಿಮಿಷ ಸುಮ್ನಿದ್ದು, ಆಮೇಲೆ ಮಗನ ಹತ್ರ ಬಂದು "ಊಟ ಮಾಡಿದ್ಯೇನೋ?" ಅಂದ್ರು, ಅಷ್ಟೇ. ಹುಡುಗ ಅಲ್ಲೀವರ್ಗೂ ತಡೆದಿದ್ದೋನು ಆಗ ಅತ್ತಿದ್ದು.

ಇದನ್ನ ಹಗುರವಾಗಿ ತಗೋಬೇಡಿ: ಮಗು ಊಟ ನಿದ್ದೆ ಎರಡೂ ಬಿಟ್ಟು, ಯಾರ ಜೊತೆನೂ ಮಾತಾಡ್ದೆ, "ನಾನಿದ್ದು ಏನು ಪ್ರಯೋಜನ" ಅನ್ನೋ ಥರ ಏನಾದ್ರೂ ಅಂದ್ರೆ ಒಬ್ಬರು ಜೊತೇಲೇ ಇರಿ, ರಾತ್ರಿನೂ. ತೋಟದ ಮನೆಗಳಲ್ಲಿ ಬೆಳೆಗೆ ಹೊಡೆಯೋ ಔಷಧಿ ಡಬ್ಬ ಎಲ್ಲೆಂದ್ರಲ್ಲಿ ಇರುತ್ತೆ, ಮೊದಲು ಅದನ್ನ ಬೀಗ ಹಾಕಿ ಇಡಿ. 14416 ಟೆಲಿ ಮಾನಸ್ ನಂಬರ್, ಸರ್ಕಾರದ್ದು, ದುಡ್ಡು ಹೋಗಲ್ಲ, 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಮಕ್ಕಳೇ ಮಾಡ್ಬಹುದು, ಅಪ್ಪ ಅಮ್ಮನೂ ಮಾಡಿ ಕೇಳ್ಬಹುದು.

ನಾಲ್ಕನೇ ದಿನ ಸ್ಕೋರ್ ಕಾರ್ಡ್ ಮುಂದಿಟ್ಕೊಂಡು ಕೂತ್ಕೊಳ್ಳಿ

ಸ್ಕೋರ್ ಕಾರ್ಡಲ್ಲಿ ಮಾರ್ಕ್ಸ್, ಪರ್ಸೆಂಟೈಲ್, ಆಲ್ ಇಂಡಿಯಾ ರ್‍ಯಾಂಕ್, ಕೆಟಗರಿ ರ್‍ಯಾಂಕ್ ಇರುತ್ತೆ. ಪರ್ಸೆಂಟೈಲ್ ಅಂದ್ರೆ ಪರ್ಸೆಂಟ್ ಅಲ್ಲ. 80 ಪರ್ಸೆಂಟೈಲ್ ಬಂದಿದೆ ಅಂದ್ರೆ ಬರೆದೋರಲ್ಲಿ ನೂರಕ್ಕೆ ಸುಮಾರು 80 ಜನ ನಿಮಗಿಂತ ಹಿಂದೆ ಇದಾರೆ ಅಂತ. ಜನರಲ್‌ಗೆ 50 ಪರ್ಸೆಂಟೈಲ್, ಎಸ್‌ಸಿ, ಎಸ್‌ಟಿ, ಒಬಿಸಿಗೆ 40 ಪರ್ಸೆಂಟೈಲ್ ದಾಟಿದ್ರೆ ಕ್ವಾಲಿಫೈ. ಆದ್ರೆ ಕ್ವಾಲಿಫೈ ಆದೋರಿಗೆಲ್ಲ ಎಂಬಿಬಿಎಸ್ ಸೀಟ್ ಸಿಗಲ್ಲ: 2025ರಲ್ಲಿ 22 ಲಕ್ಷಕ್ಕಿಂತ ಜಾಸ್ತಿ ಜನ ಬರೆದು 12 ಲಕ್ಷಕ್ಕಿಂತ ಜಾಸ್ತಿ ಜನ ಕ್ವಾಲಿಫೈ ಆದ್ರು, ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ. ಈ ಲೆಕ್ಕ ಮನೇಲಿ ಎಲ್ಲರಿಗೂ ಗೊತ್ತಾದ್ರೆ "ಪಾಸಾಗಿದೆಯಲ್ಲ, ಸೀಟ್ ಯಾಕಿಲ್ಲ" ಅನ್ನೋ ಪ್ರಶ್ನೆ ಅಲ್ಲಿಗೇ ನಿಲ್ಲುತ್ತೆ.

ನಮಗೆ ಮುಖ್ಯವಾಗಿ ಬೇಕಾಗಿರೋದು ಕರ್ನಾಟಕದ ರ್‍ಯಾಂಕ್. ಸರ್ಕಾರಿ ಕಾಲೇಜಿನ 85 ಪರ್ಸೆಂಟ್ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ನಮ್ಮ ರಾಜ್ಯದೋರಿಗೇ, 15 ಪರ್ಸೆಂಟ್ ಮಾತ್ರ ಕೇಂದ್ರದ ಕೌನ್ಸೆಲಿಂಗ್ ಸಮಿತಿ ಎಂಸಿಸಿ ಮೂಲಕ ಆಲ್ ಇಂಡಿಯಾಗೆ. ಹಾಸನದ ಹಿಮ್ಸ್ ಇರ್ಲಿ, ಚಿಕ್ಕಮಗಳೂರಿನ ಮೆಡಿಕಲ್ ಕಾಲೇಜಿರ್ಲಿ, ಹಿಂದಿನ ವರ್ಷ ನಿಮ್ಮ ಕೆಟಗರಿಲಿ ಕೊನೆ ಸೀಟು ಯಾವ ರ್‍ಯಾಂಕಿಗೆ ಹೋಯ್ತು ಅನ್ನೋದು ಕೆಇಎ ವೆಬ್‌ಸೈಟಲ್ಲಿ ಸಿಗುತ್ತೆ, ಅದನ್ನೇ ನೋಡಿ. ಯೂಟ್ಯೂಬಲ್ಲಿ ಯಾರೋ ಹೇಳೋ "ಈ ಮಾರ್ಕ್ಸಿಗೆ ಈ ಕಾಲೇಜು ಗ್ಯಾರಂಟಿ" ಅನ್ನೋದನ್ನ ಬಿಟ್ಬಿಡಿ. ಮಾರ್ಕ್ಸ್ ಅಂತೂ ಒಂದು ವರ್ಷದ್ದು ಇನ್ನೊಂದು ವರ್ಷಕ್ಕೆ ಹೋಲಿಸೋಕೇ ಬರಲ್ಲ, ಜನರಲ್ ಕಟ್‌ಆಫ್ (ಕ್ವಾಲಿಫೈ ಆಗೋಕೆ ಬೇಕಾದ ಕನಿಷ್ಠ ಮಾರ್ಕ್ಸ್) 2024ರಲ್ಲಿ 162 ಇದ್ದಿದ್ದು 2025ರಲ್ಲಿ ಪೇಪರ್ ಕಷ್ಟ ಬಂದು 144ಕ್ಕೆ ಇಳೀತು. ಹೋಲಿಸೋದಾದ್ರೆ ರ್‍ಯಾಂಕ್ ಹೋಲಿಸಿ.

ಸೀಟ್ ಸಿಗಲ್ಲ ಅನ್ಸಿದ್ರೂ ಕಾಗದಪತ್ರ ನಿಲ್ಲಿಸ್ಬೇಡಿ

ಇಲ್ಲೇ ಜಾಸ್ತಿ ಜನ ಎಡವೋದು. "ಹೆಂಗಿದ್ರೂ ಸಿಗಲ್ಲ, ಸುಮ್ನೆ ಯಾಕೆ ಅರ್ಜಿ" ಅಂತ ಬಿಟ್ಟೋರು ಆಮೇಲೆ ಬಿಎಎಂಎಸ್‌ಗೂ (ಆಯುರ್ವೇದ) ಇಲ್ಲ, ಡೆಂಟಲ್‌ಗೂ ಇಲ್ಲ, ಕೊನೆ ರೌಂಡಲ್ಲಿ ಸೀಟು ಕೆಳಗಿನ ರ್‍ಯಾಂಕಿನೋರಿಗೂ ಬಂದಾಗಲೂ ಇಲ್ಲ ಅನ್ನೋ ಹಂಗಾಗುತ್ತೆ. ಅರ್ಜಿ ಹಾಕಿದ ತಕ್ಷಣ ಸೇರ್ಲೇಬೇಕು ಅಂತೇನಿಲ್ಲ. ಕೆಇಎ ರಿಜಿಸ್ಟ್ರೇಷನ್ ಮಾಡಿ, ವೆರಿಫಿಕೇಷನ್ ಮುಗಿಸಿ, ಆಪ್ಷನ್ ಎಂಟ್ರಿವರ್ಗೂ (ಬೇಕಾದ ಕಾಲೇಜು, ಕೋರ್ಸ್ ಆರಿಸಿ ತುಂಬೋದು) ಬಂದು ನಿಲ್ಲಿ. ಸೇರೋದು ಬಿಡೋದು ಆಮೇಲಿನ ಮಾತು.

ಜಾತಿ ಆದಾಯ ಸರ್ಟಿಫಿಕೇಟ್‌ನಲ್ಲಿ ಆರ್‌ಡಿ ನಂಬರ್ ಇದ್ಯಾ, ಅವಧಿ ಮುಗಿದಿಲ್ವಾ, ಹೆಸರಿನ ಸ್ಪೆಲಿಂಗ್ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಇರೋ ಹಂಗೇ ಇದ್ಯಾ, ಇವು ಮೂರನ್ನ ಇವತ್ತೇ ನೋಡಿ. ಇಲ್ಲಾಂದ್ರೆ ನಾಡಕಚೇರಿಗೆ ನಾಳೆನೇ ಹೋಗಿ, ರಿಸಲ್ಟ್ ಬಂದ ಮೇಲೆ ಅಲ್ಲಿ ರಶ್ ಜಾಸ್ತಿ, ಸರ್ವರ್ ಬೇರೆ ಕೈ ಕೊಡುತ್ತೆ. ಒಂದರಿಂದ ಹತ್ತನೇ ಕ್ಲಾಸ್‌ವರ್ಗೂ ಹಳ್ಳಿ ಸ್ಕೂಲಲ್ಲಿ ಓದಿದ್ರೆ ಗ್ರಾಮೀಣ ಕೋಟಾ ಇದೆ, ಕನ್ನಡ ಮೀಡಿಯಂನಲ್ಲಿ ಓದಿದ್ರೆ ಅದಕ್ಕೂ ಬೇರೆ ಕೋಟಾ ಇದೆ, ಎರಡಕ್ಕೂ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸೈನ್ ಆಗಿರ್ಬೇಕು. ಪ್ರೈಮರಿ ಒಂದು ಕಡೆ, ಹೈಸ್ಕೂಲ್ ಇನ್ನೊಂದು ಕಡೆ ಆಗಿದ್ರೆ ಎರಡೂ ಸ್ಕೂಲಿಗೆ ಓಡಾಡ್ಬೇಕು, ಬೇರೆ ತಾಲ್ಲೂಕಾದ್ರೆ ಬಿಇಒ ಆಫೀಸೂ ಬೇರೆ. ನಮ್ಮೂರ ಹುಡುಗಿ ಒಬ್ಬಳು ಒಂದರಿಂದ ಏಳನೇ ಕ್ಲಾಸ್‌ವರ್ಗೂ ಬೇಲೂರು ಕಡೆ ಹಳ್ಳೀಲಿ ಓದಿದೋಳು, ಆ ಒಂದು ಸೈನ್‌ಗೆ ನಾಲ್ಕು ದಿನ ತಿರುಗಿ ಕೊನೇ ದಿನ ಸಂಜೆ ಅಪ್ಲೋಡ್ ಮಾಡಿದ್ವಿ. ಅಂಥ ಓಡಾಟ ನಿಮಗೆ ಬೇಡ.

ಸೀಟ್ ಅಲಾಟ್ ಆದ್ಮೇಲೆ ಛಾಯ್ಸ್ ಅಂತ ಕೇಳ್ತಾರೆ: ಒಪ್ಕೊಂಡು ಸೇರ್ತೀರಾ, ಇದನ್ನ ಇಟ್ಕೊಂಡೇ ಇನ್ನೂ ಒಳ್ಳೇದಕ್ಕೆ ಕಾಯ್ತೀರಾ, ಇದು ಬೇಡ ಮುಂದಿನ ರೌಂಡ್ ನೋಡ್ತೀರಾ, ಪೂರ್ತಿ ಹೊರಗೆ ಹೋಗ್ತೀರಾ ಅಂತ. ಕ್ಲಿಕ್ ಮಾಡೋ ಮುಂಚೆ ಆ ವರ್ಷದ ಸೂಚನೆ ಎರಡು ಸಲ ಓದಿ, ಯಾಕಂದ್ರೆ ಕೊನೆ ರೌಂಡುಗಳಲ್ಲಿ ಸೀಟ್ ತಗೊಂಡು ಬಿಟ್ರೆ ಕಟ್ಟಿದ ದುಡ್ಡು ಹೋಗುತ್ತೆ. ಮತ್ತೆ ಈ ಕ್ಲಿಕ್ಕನ್ನ ಸೈಬರ್ ಸೆಂಟರ್‌ನೋರ ಕೈಗೆ ಬಿಡ್ಬೇಡಿ, ಪಾಸ್‌ವರ್ಡ್ ನಿಮ್ಮ ಹತ್ರನೇ ಇರ್ಲಿ.

ಪೇಪರ್ ತೆಗ್ದು ಲೆಕ್ಕ ಹಾಕಿ

ಒಂದು ವಾರ ಆದ್ಮೇಲೆ, ಮನಸ್ಸು ಸ್ವಲ್ಪ ತಣ್ಣಗಾದ್ಮೇಲೆ ಮಾಡೋ ಕೆಲಸ ಇದು, ನನ್ನ ಪ್ರಕಾರ ಈ ಇಡೀ ತಿಂಗಳಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇಲ್ಲ. ಕ್ವೆಶ್ಚನ್ ಬುಕ್‌ಲೆಟ್ ನಿಮ್ಮ ಹತ್ರ ಇರುತ್ತೆ, ಪರೀಕ್ಷೆ ನಡೆಸೋ ಎನ್‌ಟಿಎ ಹಾಕಿರೋ ಓಎಂಆರ್ (ನೀವು ಉತ್ತರ ತುಂಬಿದ ಹಾಳೆ) ಕಾಪಿ ಡೌನ್‌ಲೋಡ್ ಮಾಡಿ ಇಟ್ಕೊಂಡಿರ್ತೀರಿ, ಫೈನಲ್ ಆನ್ಸರ್ ಕೀ ಇದೆ. ಮೂರನ್ನೂ ಹರಡ್ಕೊಂಡು ಒಂದೊಂದೇ ಪ್ರಶ್ನೆ ನೋಡಿ.

ನಮ್ಮ ಹುಡುಗಂದು ಹೇಳ್ತೀನಿ. 180ರಲ್ಲಿ 168 ಅಟೆಂಡ್ ಮಾಡಿದ್ದ, 96 ಸರಿ, 72 ತಪ್ಪು. ಒಂದು ಸರಿಗೆ 4, ಒಂದು ತಪ್ಪಿಗೆ 1 ಕಟ್, ಹಂಗಾಗಿ 384ರಲ್ಲಿ 72 ಕಳೆದು 312. ಆ 72 ತಪ್ಪನ್ನ ಅವನ ಹತ್ರನೇ ಮೂರು ಬಣ್ಣದ ಪೆನ್ನಲ್ಲಿ ಗುರುತು ಮಾಡಿಸ್ದೆ. ವಿಷ್ಯನೇ ಗೊತ್ತಿಲ್ದೆ ತಪ್ಪಾಗಿದ್ದು 34. ಕೊನೇ ಇಪ್ಪತ್ತು ನಿಮಿಷದಲ್ಲಿ ಫಿಸಿಕ್ಸ್ ಪೂರ್ತಿ ಓದ್ದೆ ಹಾಕಿದ್ದು 17. ಉಳಿದ 21 ಅವನಿಗೆ ಗೊತ್ತಿದ್ದೇ. ಅದರಲ್ಲಿ 9 ಬಯಾಲಜಿ, "ಯಾವುದು ಸರಿಯಲ್ಲ" ಅಂತ ಕೇಳಿದ್ದಕ್ಕೆ ಸರಿಯಾಗಿರೋದನ್ನ ತುಂಬಿದ್ದ. 8 ಲೆಕ್ಕದ ತಪ್ಪು, ಬುಕ್‌ಲೆಟ್ ಅಂಚಲ್ಲಿ ರಫ್ ವರ್ಕ್ ಹಂಗೇ ಇತ್ತು, ಒಂದು ಕಡೆ ವೇಗದ ವರ್ಗ ಅಂತ ಸೂತ್ರ ಬರ್ದು ಕೆಳಗಿನ ಸಾಲಲ್ಲಿ ವರ್ಗ ಮಾಡೋದೇ ಮರ್ತಿದ್ದ. ಇನ್ನು 4 ಓಎಂಆರ್‌ನಲ್ಲಿ ಒಂದು ಸಾಲು ಕೆಳಗೆ ತುಂಬಿದ್ದು, ಒಂದರ ಹಿಂದೆ ಒಂದು, ನಾಲ್ಕೂ. ಅದನ್ನ ನೋಡಿ ಅವನು ಪೆನ್ ಕೆಳಗಿಟ್ಟು ಹೊರಗೆ ಹೋಗ್ಬಿಟ್ಟ. ಕಾಲು ಗಂಟೆ ಬಿಟ್ಟು ತಾನೇ ಬಂದು ಕೂತ.

ಗೊತ್ತಿದ್ದ ಪ್ರಶ್ನೆ ತಪ್ಪಾದ್ರೆ ಹೋಗೋದು 4 ಅಲ್ಲ, 5. ಬರಬೇಕಿದ್ದ 4 ಬರ್ಲಿಲ್ಲ, ಮೇಲೆ 1 ಕಟ್. 21ನ್ನ 5ರಿಂದ ಗುಣಿಸಿದ್ರೆ 105. ಅಂದ್ರೆ ಹೊಸದಾಗಿ ಒಂದು ಪಾಠನೂ ಓದ್ದೆ 417 ಆಗ್ತಿತ್ತು. ಈ ನಂಬರ್ ನೋಡಿದಾಗ ಅವನ ಮುಖದಲ್ಲಿ ಆದ ಬದಲಾವಣೆ ನಾನು ಮರೆಯಲ್ಲ, ಹತ್ತು ದಿನ ನಾವೆಲ್ಲ ಹೇಳಿದ ಸಮಾಧಾನಕ್ಕೆ ಆಗದೆ ಇದ್ದಿದ್ದು ಆ ಲೆಕ್ಕಕ್ಕೆ ಆಯ್ತು.

ನಿಮ್ಮ ಲೆಕ್ಕ ಬೇರೆ ಬರ್ಬಹುದು. ವಿಷ್ಯ ಗೊತ್ತಿಲ್ಲದ ತಪ್ಪೇ ಮುಕ್ಕಾಲು ಪಾಲಿದ್ರೆ ಅದೂ ಒಂದು ಉತ್ತರನೇ, ಮುಂದಿನ ಹೆಜ್ಜೆಗೆ ಅದು ಬೇಕು.

ಇನ್ನೊಂದು ವರ್ಷ ಬರೆಯೋದಾ ಬೇಡ್ವಾ

ಎಷ್ಟು ಸಲ ಬೇಕಾದ್ರೂ ಬರೀಬಹುದು, ಮೇಲಿನ ವಯಸ್ಸಿನ ಮಿತಿನೂ 2022ರಲ್ಲಿ ತೆಗ್ದಿದಾರೆ. ಅದಕ್ಕೇ ಈ ನಿರ್ಧಾರ ಕಷ್ಟ, ಯಾರೂ ಸಾಕು ಅನ್ನಲ್ಲ. ನಾನು ನೋಡೋದು ಮೂರು ವಿಷ್ಯ. ಗೊತ್ತಿದ್ದೂ ಹೋದ ಮಾರ್ಕ್ಸ್ ಸೇರಿಸ್ಕೊಂಡ್ರೆ ನಿಮ್ಮ ಕೆಟಗರಿಯ ಸರ್ಕಾರಿ ಸೀಟಿನ ಹತ್ರ ಬರ್ತೀರಾ? ಬೆಳಿಗ್ಗೆ ಎದ್ದು ಮತ್ತೆ ಅದೇ ಫಿಸಿಕ್ಸ್ ಪುಸ್ತಕ ತೆಗೆಯೋಕೆ ಮನಸ್ಸಿದ್ಯಾ, ಇಲ್ಲ ಅಪ್ಪನಿಗೋಸ್ಕರ ಹೂಂ ಅಂತಿದೀರಾ? ಇನ್ನೊಂದು ವರ್ಷದ ಖರ್ಚು ಸಾಲ ಮಾಡ್ದೆ ಆಗುತ್ತಾ? ಮೂರಕ್ಕೂ ಹೌದು ಅಂದ್ರೆ ಒಂದು ವರ್ಷ ಖಂಡಿತ ಬರೀರಿ. ಎರಡಕ್ಕೆ ಇಲ್ಲ ಅಂದ್ರೆ ಯಾವುದಾದ್ರೂ ಕೋರ್ಸ್ ಸೇರ್ಕೊಂಡು, ಆಸೆ ಇದ್ರೆ ಪಕ್ಕದಲ್ಲಿ ಇನ್ನೊಂದ್ಸಲ ಬರೀರಿ. ಹಾಸನದ ಸರ್ಕಾರಿ ವಿಜ್ಞಾನ ಕಾಲೇಜು, ಚಿಕ್ಕಮಗಳೂರಿನ ಐಡಿಎಸ್‌ಜಿ ಕಾಲೇಜಲ್ಲಿ ಬಿಎಸ್ಸಿ ಮಾಡೋದಕ್ಕೆ ಖರ್ಚು ತುಂಬಾ ಕಮ್ಮಿ, ಕೈಯಲ್ಲಿ ಒಂದು ಅಡ್ಮಿಷನ್ ಇದ್ರೆ ಮನೆಯೋರ ಆತಂಕನೂ ಇಳಿಯುತ್ತೆ. ಮೂರನೇ ಸಲ, ನಾಲ್ಕನೇ ಸಲ ಪೂರ್ತಿ ವರ್ಷ ಮನೇಲಿ ಕೂರೋದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ, ಹಂಗೆ ಕೂತ ಇಬ್ಬರನ್ನ ಹತ್ತಿರದಿಂದ ನೋಡಿದೀನಿ, ಓದಿಗಿಂತ ಮುಂಚೆ ಅವರ ಧೈರ್ಯ ಕರಗಿಹೋಯ್ತು.

ಬೇರೆ ದಾರಿ ನಮ್ಮ ಬಾಗಿಲಲ್ಲೇ ಇದೆ

ನೀಟ್ ಕ್ವಾಲಿಫೈ ಆಗಿದ್ರೆ ಬಿಎಎಂಎಸ್ ಇದೆ, ಹಾಸನದ ತಣ್ಣೀರುಹಳ್ಳದಲ್ಲೇ ಧರ್ಮಸ್ಥಳದೋರ ಆಯುರ್ವೇದ ಕಾಲೇಜಿದೆ. ಸಿಇಟಿ ಬರ್ದಿದ್ರೆ ಆ ರ್‍ಯಾಂಕಲ್ಲಿ ಬಿಎಸ್ಸಿ ಅಗ್ರಿ (ಕಾರೇಕೆರೆ ಕೃಷಿ ಕಾಲೇಜು), ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಬಿ ಫಾರ್ಮ, ನ್ಯಾಚುರೋಪತಿ, ನರ್ಸಿಂಗ್ ಇವೆಲ್ಲ ನೋಡಿ. ರೈತರ ಮಕ್ಕಳಿಗೆ ಕೃಷಿ ಕೋರ್ಸ್‌ಗಳಲ್ಲಿ ಕೃಷಿಕರ ಕೋಟಾನೂ ಇದೆ.

ನನಗೆ ಸಿಕ್ಕಿದ್ದು ಹಾಸನದ ವೆಟರ್ನರಿ ಕಾಲೇಜು, ಸಿಇಟಿ ರ್‍ಯಾಂಕ್ ಮೇಲೆ, ಐದೂವರೆ ವರ್ಷದ ಕೋರ್ಸ್. ಸೇರುವಾಗ "ದನದ ಡಾಕ್ಟ್ರಾ" ಅಂತ ದೊಡ್ಡಮ್ಮ ಮುಖ ಸಣ್ಣ ಮಾಡಿದ್ರು, ನನಗೂ ಮೊದಲ ವರ್ಷ ಪೂರ್ತಿ ಮನಸ್ಸಿರ್ಲಿಲ್ಲ. ಮೊನ್ನೆ ಅರಕಲಗೂಡು ಕಡೆ ರಾತ್ರಿ ಹನ್ನೊಂದಕ್ಕೆ ಕರೆದ್ರು, ಎಚ್‌ಎಫ್ ಹಸು, ಸಂಜೆಯಿಂದ ಕರ ಹಾಕೋಕಾಗದೆ ಒದ್ದಾಡ್ತಿದೆ ಅಂತ. ಕೈ ಹಾಕಿ ನೋಡಿದ್ರೆ ಕರುವಿನ ಎರಡು ಮುಂಗಾಲು ಸಿಗ್ತಿದೆ, ತಲೆ ಹಿಂದಕ್ಕೆ ತಿರುಗಿ ಪಕ್ಕೆ ಮೇಲೆ ಒರಗಿದೆ. ಮುಕ್ಕಾಲು ಗಂಟೆ ಬೇಕಾಯ್ತು ತಲೆ ನೆಟ್ಟಗೆ ಮಾಡೋಕೆ, ಭುಜ ಜೋಮು ಹಿಡಿದು ಕೈನೇ ನಂದಲ್ಲ ಅನ್ನಿಸ್ತಿತ್ತು. ಹೊರಗೆ ಬಂದ ಕರುಗೆ ಮೂಗು ಒರೆಸಿ ಹುಲ್ಲಲ್ಲಿ ಉಜ್ಜಿದ್ಮೇಲೆ ಒಂದು ಸೀನು ಸೀನ್ತು ನೋಡಿ, ಆ ಮನೆ ಅಜ್ಜಿ ನನ್ನ ಕೆಸರು ಕೈಯನ್ನೇ ಹಿಡ್ಕೊಂಡು ಕಣ್ಣಿಗೊತ್ತಿಕೊಂಡ್ರು. ಎಂಬಿಬಿಎಸ್ ಆಸೆ ಇರೋರಿಗೆಲ್ಲ ಇದೇ ಮಾಡಿ ಅಂತ ನಾನು ಹೇಳಲ್ಲ, ಆದ್ರೆ ಆಪ್ಷನ್ ಎಂಟ್ರಿಲಿ ಇಂಥವನ್ನ ಸೇರಿಸೋ ಮುಂಚೆ ಒಂದಿನ ಆ ಕೆಲಸ ಮಾಡೋರ ಜೊತೆ ಓಡಾಡಿ ನೋಡಿ. ನಿಮ್ಮೂರಿನ ಪಶು ಆಸ್ಪತ್ರೆ ಡಾಕ್ಟ್ರನ್ನ ಕೇಳಿದ್ರೆ ಬೇಡ ಅನ್ನಲ್ಲ.

ಫೋನ್ ಮಾಡೋ ಏಜೆಂಟರು

ರಿಸಲ್ಟ್ ಬಂದ ವಾರದಿಂದ ಫೋನ್ ಶುರು. ಮ್ಯಾನೇಜ್‌ಮೆಂಟ್ ಸೀಟ್ ಕೊಡಿಸ್ತೀವಿ, ಅಡ್ವಾನ್ಸ್ ಹಾಕಿ ಅಂತಾರೆ. ಪ್ರೈವೇಟ್ ಕಾಲೇಜಿನ ಸೀಟು ಕೂಡ ಕೌನ್ಸೆಲಿಂಗ್ ಮೂಲಕನೇ ಹಂಚಿಕೆ ಆಗೋದು, ಹೊರಗಡೆ ಯಾರ ಕೈಗೂ ಒಂದು ರೂಪಾಯಿ ಕೊಡ್ಬೇಡಿ. ಫಾರಿನ್ ಎಂಬಿಬಿಎಸ್ ಅಂದ್ರೆ ನೀಟ್ ಕ್ವಾಲಿಫೈ ಆಗಿರ್ಲೇಬೇಕು, ಕೋರ್ಸ್ ಇಂಗ್ಲಿಷ್‌ನಲ್ಲಿ ಕನಿಷ್ಠ 54 ತಿಂಗಳು ಇರ್ಬೇಕು, ಅಲ್ಲೇ 12 ತಿಂಗಳು ಇಂಟರ್ನ್‌ಶಿಪ್, ವಾಪಸ್ ಬಂದು ಎಫ್‌ಎಂಜಿಇ (ಫಾರಿನ್‌ನಲ್ಲಿ ಓದಿದೋರಿಗೆ ಇಲ್ಲಿ ಇರೋ ಪರೀಕ್ಷೆ) ಪಾಸಾಗಿ ಇಲ್ಲೂ ಇಂಟರ್ನ್‌ಶಿಪ್ ಮಾಡ್ಬೇಕು. ಇದನ್ನೆಲ್ಲ ಅವರಾಗೇ ಹೇಳ್ತಾರಾ ನೋಡಿ, ಹೇಳ್ದೆ ಇದ್ರೆ ಫೋನ್ ಇಟ್ಬಿಡಿ.

ಮತ್ತೆ ಬರೆಯೋದು ಅಂತ ಗಟ್ಟಿ ಆದ್ರೆ

ಕೋಚಿಂಗ್‌ಗೆ ಸೇರೋದಾದ್ರೆ ಮೊದಲ ಕಂತು ಮಾತ್ರ ಕಟ್ಟಿ, ಅರ್ಧಕ್ಕೆ ಬಿಟ್ರೆ ಫೀಸ್ ವಾಪಸ್ ಬರುತ್ತಾ ಅಂತ ಬರಹದಲ್ಲಿ ಕೇಳಿ. ಕನ್ನಡ ಮೀಡಿಯಂನೋರು ಕನ್ನಡ ಪೇಪರ್ ಆರಿಸ್ಕೊಂಡ್ರೆ ಬುಕ್‌ಲೆಟ್‌ನಲ್ಲಿ ಇಂಗ್ಲಿಷೂ ಇರುತ್ತೆ, ಗೊಂದಲ ಬಂದ್ರೆ ಇಂಗ್ಲಿಷ್‌ನಲ್ಲಿ ಇರೋದೇ ಅಂತಿಮ, ಹಂಗಾಗಿ ಪದಗಳನ್ನ ಎರಡೂ ಭಾಷೇಲಿ ಕಲೀರಿ. ಬಯಾಲಜಿ 90 ಪ್ರಶ್ನೆ, ಅರ್ಧ ಪೇಪರ್, ಅದಕ್ಕೆ ಎನ್‌ಸಿಇಆರ್‌ಟಿ ಸಾಲು ಸಾಲು. ವಾರಕ್ಕೊಂದು ಪೂರ್ತಿ ಮೂರು ಗಂಟೆ ಟೆಸ್ಟ್, ಓಎಂಆರ್ ಶೀಟ್ ಪ್ರಿಂಟ್ ತಗೊಂಡು ಪೆನ್ನಲ್ಲೇ ತುಂಬಿ, ಮಧ್ಯಾಹ್ನ ಎರಡರಿಂದ ಐದು, ಪರೀಕ್ಷೆ ನಡೆಯೋ ಹೊತ್ತಿಗೇ.

ನಮ್ಮ ಹುಡುಗ ಮತ್ತೆ ಬರೆಯೋದು ಅಂತಾನೇ ಆರಿಸ್ಕೊಂಡ. ಹಾಸನದಲ್ಲಿ ರೂಮ್ ಬೇಡ ಅಂದ, ಆಲೂರಿಂದಾನೇ ಬಸ್ಸಲ್ಲಿ ಓಡಾಡ್ತೀನಿ ಅಂದ, ಬೆಳಿಗ್ಗೆ ಕೊಟ್ಟಿಗೆ ಕೆಲಸಕ್ಕೆ ಅರ್ಧ ಗಂಟೆ ಅಪ್ಪನ ಜೊತೆ ಇದ್ರೆ ತಲೆ ಹಗುರ ಆಗುತ್ತಂತೆ. ಗೊತ್ತಿದ್ದೂ ತಪ್ಪಿದ ಆ 21 ಪ್ರಶ್ನೆನ ಇನ್ನೂರು ಪೇಜಿನ ನೋಟ್‌ಬುಕ್‌ನಲ್ಲಿ ಪುಟಕ್ಕೊಂದರ ಹಂಗೆ ಬರ್ದು, ಪ್ರತಿಯೊಂದರ ಕೆಳಗೆ "ಯಾಕೆ ತಪ್ತು" ಅಂತ ಒಂದೇ ಸಾಲು ಹಾಕಿದ. ಡಿಸೆಂಬರ್‌ನಲ್ಲಿ ಕಾಫಿ ಕುಯ್ಲಿನ ಹೊತ್ತಿಗೆ ಹೋದಾಗ ತೋರಿಸ್ದ, ಆಮೇಲಿನ ತಪ್ಪುಗಳೂ ಸೇರಿ ನೋಟ್‌ಬುಕ್ ಮುಕ್ಕಾಲು ತುಂಬಿತ್ತು, ಮೊದಲ ಪುಟಗಳಲ್ಲಿ "ಅಲ್ಲ ಅನ್ನೋ ಪದ ಓದ್ಲಿಲ್ಲ" ಅಂತ ಮತ್ತೆ ಮತ್ತೆ ಇದ್ದಿದ್ದು ಕೊನೇ ನಲವತ್ತು ಪುಟದಲ್ಲಿ ಎರಡೇ ಕಡೆ ಇತ್ತು.